ಶಾಲೆಯ ವಾದ್ಯ ಮೇಷ್ಟ್ರನ್ನು ಅಳೆಯುವುದು ಹೇಗೆ? ಕೈ ನೋಡಿ ಅಲ್ಲ, ಕಿವಿ ನೋಡಿ

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಅವಳ ಶಾಲೆಯಲ್ಲಿ ಈ ವರ್ಷದಿಂದ ವಾದ್ಯಸಂಗೀತ ಮತ್ತು ರಂಗಕಲೆಗಳ ವಿಭಾಗ ಶುರುವಾಗುತ್ತಿದೆ. ಬೋಧಕರ ಪಟ್ಟಿ ಕಳಿಸಿದ್ದಾರೆ. ಬ್ಯಾಂಡ್ ನಿರ್ದೇಶಕರು ಒಬ್ಬರು, ಊದುವ ವಾದ್ಯಗಳನ್ನೆಲ್ಲ ಅವರೇ ಕಲಿಸುತ್ತಾರಂತೆ. ಪಿಟೀಲು ಮತ್ತು ಚೆಲ್ಲೊಗೆ ಒಬ್ಬರು, ತಾಳವಾದ್ಯಕ್ಕೆ ಒಬ್ಬರು, ನಾಟಕಕ್ಕೆ ಒಬ್ಬರು, ನೃತ್ಯಕ್ಕೆ ಒಬ್ಬರು. ಪ್ರತಿಯೊಬ್ಬರ ಹೆಸರಿನ ಕೆಳಗೂ ಪದವಿ, ಕಚೇರಿ, ಪ್ರಶಸ್ತಿಗಳ ಸಾಲು. ನಮ್ಮ ಮನೆಯಲ್ಲಿ ಯಾರಿಗೂ ಸಂಗೀತ ಬಾರದು. ಒಬ್ಬರೇ ಏಳೆಂಟು ವಾದ್ಯ ಕಲಿಸಲು ಸಾಧ್ಯವೇ? ಒಳ್ಳೆಯ ಬೋಧಕರನ್ನು ನಮ್ಮಂಥವರು ಗುರುತಿಸುವುದು ಹೇಗೆ? ಮಗಳಿಗೆ ಸ್ಯಾಕ್ಸೋಫೋನ್ ಬೇಕು, ಅವರು ಮೊದಲು ಕ್ಲಾರಿನೆಟ್ ಕಲಿಯಲಿ ಎನ್ನುತ್ತಾರೆ. ಒಪ್ಪಲೇ?

ಉತ್ತರ:

ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಅದರಲ್ಲಿರುವ ಪದವಿ, ಕಚೇರಿ, ಪ್ರಶಸ್ತಿಗಳೆಲ್ಲ ನಿಜವೇ ಇರಬಹುದು, ಅವುಗಳ ಹಿಂದೆ ವರ್ಷಗಟ್ಟಲೆ ದುಡಿಮೆಯೂ ಇರುತ್ತದೆ. ಆದರೆ ಆ ಸಾಲುಗಳಿಂದ ತಿಳಿಯುವುದು ಅವರು ಹೇಗೆ ನುಡಿಸುತ್ತಾರೆ ಎಂಬುದು ಮಾತ್ರ. ನಿಮ್ಮ ಮಗಳಿಗೆ ಬೇಕಾಗಿರುವುದು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದು. ಮಗುವಿನ ವಾದ್ಯದಿಂದ ಕೆಟ್ಟ ಸ್ವರವೊಂದು ಬಂದರೆ ಅದು ಎಲ್ಲಿಂದ ಬಂತು, ತುಟಿಯಿಂದಲೋ ಬೆರಳಿನಿಂದಲೋ ಉಸಿರಿನಿಂದಲೋ ಅಥವಾ ವಾದ್ಯದ್ದೇ ದೋಷವೋ ಎಂದು ಕಿವಿಯಿಂದಲೇ ಪತ್ತೆಹಚ್ಚಬೇಕು. ಶಾಲೆಯ ವಾದ್ಯ ಬೋಧಕರ ಕಸುಬು ಅದೇ. ಉಳಿದದ್ದೆಲ್ಲ ಅದರ ಮೇಲೆ ಕಟ್ಟಿದ್ದು.

ಇದನ್ನು ನಾನು ತಪ್ಪು ಮಾಡಿ ಕಲಿತೆ. ಶಾಲೆಯೊಂದರಲ್ಲಿ ಕಲಿಸಲು ಸೇರಿದ ಹೊಸತು. ಕ್ಲಾರಿನೆಟ್ ಕಲಿಯುತ್ತಿದ್ದ ಹುಡುಗನೊಬ್ಬನಿಗೆ ಮೇಲಿನ ಸ್ವರಗಳು ಚೆನ್ನಾಗಿಯೇ ಬರುತ್ತಿದ್ದವು, ಕೆಳಗಿನ ಸ್ವರಗಳಿಗೆ ಇಳಿದ ಕೂಡಲೇ ಕೀರಲು. ನಾನು ಮೂಲತಃ ಪಿಟೀಲಿನವನು. 'ಇನ್ನಷ್ಟು ಅಭ್ಯಾಸ ಮಾಡು' ಎಂದೆ. ಅವನು ಮಾಡಿದ. ಮೂರು ತಿಂಗಳು ಕಳೆದರೂ ಕೀರಲು ಹೋಗಲಿಲ್ಲ, ಹುಡುಗನ ಮುಖದಲ್ಲಿದ್ದ ಉತ್ಸಾಹ ಹೋಯಿತು. ಕೊನೆಗೆ ವಾದ್ಯ ರಿಪೇರಿ ಮಾಡುವವರೊಬ್ಬರು ಬಂದರು. ತೆಳುವಾದ ಕಾಗದದ ಚೂರೊಂದನ್ನು, ತೂತು ಮುಚ್ಚುವ ಮೆತ್ತನೆಯ ಪ್ಯಾಡುಗಳಲ್ಲಿ ಒಂದೊಂದರ ಅಡಿಗೂ ಇಟ್ಟು, ಕೀಲಿ ಒತ್ತಿ, ಮೆಲ್ಲನೆ ಎಳೆದು ನೋಡಿದರು. ಪ್ಯಾಡ್ ಸರಿಯಾಗಿ ಕೂತಿದ್ದರೆ ಕಾಗದ ಬಿಗಿಯಾಗಿ ಹಿಡಿದುಕೊಳ್ಳಬೇಕು. ಮೇಲಿನ ತುಂಡಿನ ಒಂದು ಪ್ಯಾಡಿನಡಿಯಿಂದ ಅದು ಸಲೀಸಾಗಿ ಜಾರಿ ಬಂತು. ಅಲ್ಲಿ ಗಾಳಿ ಸೋರುತ್ತಿತ್ತು. ಮೇಲೆ ಸೋರಿದರೆ ಕೆಳಗಿನ ಸ್ವರಗಳು ನಿಲ್ಲುವುದಿಲ್ಲ. ಹದಿನೈದು ನಿಮಿಷದ ಕೆಲಸ. ಆ ಹುಡುಗ ವಾದ್ಯ ಬಿಟ್ಟಾಗಿತ್ತು, ಮತ್ತೆ ಹಿಡಿಯಲಿಲ್ಲ. ಅಂದಿನಿಂದ 'ಅಭ್ಯಾಸ ಮಾಡು' ಎನ್ನುವ ಮುಂಚೆ ಏನನ್ನು, ಯಾವ ಬೆರಳಿನಿಂದ, ಯಾಕೆ ಎಂದು ಹೇಳಲು ನನಗೆ ಆಗುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ಹಾಡುತ್ತ ಹಾಡುತ್ತ ರಾಗ ಎನ್ನುವುದು ನಿಜ. ತಪ್ಪನ್ನೇ ಹಾಡುತ್ತಿದ್ದರೆ ತಪ್ಪೇ ರಾಗವಾಗಿ ಕೂರುತ್ತದೆ ಎನ್ನುವುದೂ ಅಷ್ಟೇ ನಿಜ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ: ಒಂದು ಪಾಠಕ್ಕೆ ಹೋಗಿ ಹಿಂದೆ ಕುಳಿತು ನೋಡಲು ಅನುಮತಿ ಕೇಳಿ. ವಾರ್ಷಿಕೋತ್ಸವದ ಪ್ರದರ್ಶನವಲ್ಲ, ಸಾಮಾನ್ಯ ದಿನದ ಸಾಮಾನ್ಯ ಪಾಠ. ಸಂಗೀತ ಬಾರದಿದ್ದರೂ ಚಿಂತೆಯಿಲ್ಲ, ಮೇಷ್ಟ್ರ ಬಾಯಿಂದ ಬರುವ ಮಾತುಗಳನ್ನು ಗಮನಿಸಿದರೆ ಸಾಕು. 'ಸರಿಯಾಗಿ ನುಡಿಸು', 'ಶ್ರುತಿ ಸೇರಿಸು', 'ಭಾವ ತುಂಬು' ಎನ್ನುವುದು ಆಜ್ಞೆ. ಮಗುವಿಗೆ ಮೊದಲೇ ಗೊತ್ತಿದ್ದರೆ ಅದು ಸರಿಯಾಗಿಯೇ ನುಡಿಸುತ್ತಿತ್ತು. 'ನಿನ್ನ ಎಡಗೈಯ ಉಂಗುರದ ಬೆರಳು ತೂತನ್ನು ಪೂರ್ತಿ ಮುಚ್ಚಿಲ್ಲ, ಬೆರಳ ತುದಿಯ ಬದಲು ಮೆತ್ತನೆಯ ಭಾಗ ಇಡು' ಎನ್ನುವುದು ಪಾಠ. ಕೊಳಲಿನ ಸ್ವರ ಬರೀ ಗಾಳಿಯಾಗಿ ಹೋಗುತ್ತಿದ್ದರೆ ತುಟಿಯ ತೂತು ಅಗಲವಾಗಿರಬಹುದು, ಗಾಳಿ ಅಂಚಿಗೆ ತಾಗದೆ ಮೇಲೆ ಹೋಗುತ್ತಿರಬಹುದು. ಟ್ರಂಪೆಟ್ ಹಿಡಿದ ಮಗು ಮೇಲಿನ ಸ್ವರಕ್ಕಾಗಿ ಮೌತ್‌ಪೀಸನ್ನು ತುಟಿಗೆ ಒತ್ತಿ ಒತ್ತಿ ಗುರುತು ಮಾಡಿಕೊಂಡಿದ್ದರೆ, ಉಸಿರು ಮಾಡಬೇಕಾದ ಕೆಲಸವನ್ನು ತೋಳು ಮಾಡುತ್ತಿದೆ ಎಂದರ್ಥ. ಪಿಟೀಲಿನ ಕಮಾನು ಗರಗರ ಎಂದರೆ ಭಾರ ಹೆಚ್ಚು, ವೇಗ ಕಡಿಮೆ. ಸಿಳ್ಳೆ ಹಾಕಿದರೆ ಅದರ ತಿರುಗು ಮುರುಗು. ಕಮಾನು ಓರೆಯಾಗಿ ಹೋಗುತ್ತಿದ್ದರೆ ನೋಡಬೇಕಾದದ್ದು ಮಣಿಕಟ್ಟನ್ನಲ್ಲ, ಮೊಣಕೈಯನ್ನು, ಅದು ಬಿಚ್ಚಿಕೊಳ್ಳುತ್ತಿಲ್ಲ. ಒಳ್ಳೆಯ ಬೋಧಕರು ಇದನ್ನೆಲ್ಲ ಮಗುವಿಗೆ ಬೆನ್ನು ಮಾಡಿ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದಾಗಲೂ ಹೇಳಬಲ್ಲರು. ಅಂಥವರನ್ನು ನಾನು ಕಂಡಿದ್ದೇನೆ, ಅವರ ಪಾಠಕ್ಕೆ ಕದ್ದು ಕಿವಿಗೊಟ್ಟಿದ್ದೇನೆ.

ಈಗ ನಿಮ್ಮ ನೇರ ಪ್ರಶ್ನೆ. ಒಬ್ಬರೇ ಏಳೆಂಟು ವಾದ್ಯ ಕಲಿಸಬಹುದೇ? ಆರಂಭದ ಹಂತಕ್ಕೆ ಕಲಿಸಬಹುದು, ಕಲಿಸುತ್ತಲೂ ಇದ್ದಾರೆ. ಶಾಲಾ ಬ್ಯಾಂಡಿಗೆಂದೇ ತರಬೇತಾದವರು ತಮ್ಮ ಮುಖ್ಯ ವಾದ್ಯದ ಜೊತೆಗೆ ಪ್ರತಿಯೊಂದು ವಾದ್ಯಕುಟುಂಬವನ್ನೂ ಕೈಯಲ್ಲಿ ಹಿಡಿದು ಕಲಿತಿರುತ್ತಾರೆ. ಕ್ಲಾರಿನೆಟ್ಟಿನಲ್ಲಿ ಅವರು ಕಚೇರಿ ಕೊಡಲಾರರು, ಆದರೆ ಮೊದಲ ವರ್ಷದ ಮಗುವಿನ ಬಾಯಿ, ಬೆರಳು, ಕೂರುವ ಭಂಗಿ ಸರಿಯಿದೆಯೇ ಎಂದು ಖಚಿತವಾಗಿ ಹೇಳಬಲ್ಲರು. ನೀವು ಕೇಳಬೇಕಾದದ್ದು 'ನೀವು ಎಷ್ಟು ವಾದ್ಯ ನುಡಿಸುತ್ತೀರಿ' ಎಂದಲ್ಲ. 'ನಿಮ್ಮ ಮುಖ್ಯ ವಾದ್ಯ ಯಾವುದು, ಉಳಿದವನ್ನು ಯಾರ ಹತ್ತಿರ ಕಲಿತಿರಿ, ಎರಡನೆಯ ವರ್ಷದಿಂದ ಮಕ್ಕಳಿಗೆ ಆಯಾ ವಾದ್ಯದ ಪರಿಣತರು ಸಿಗುತ್ತಾರೆಯೇ' ಎಂದು ಕೇಳಿ. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಪರಿಣತರು ಬಂದು ಹೋಗುವ ಏರ್ಪಾಡಿದ್ದರೆ ಆ ವಿಭಾಗದ ಬುಡ ಗಟ್ಟಿಯಾಗಿದೆ. ಓಬೊ, ಬಸೂನ್, ಫ್ರೆಂಚ್ ಹಾರ್ನ್ ಈ ಮೂರಕ್ಕೆ ಮಾತ್ರ ನಾನು ಪರಿಣತರಿಲ್ಲದೆ ಮಕ್ಕಳನ್ನು ಕೂರಿಸಬೇಡಿ ಎನ್ನುತ್ತೇನೆ. ಅವುಗಳಲ್ಲಿ ಮೊದಲ ತಿಂಗಳು ಬಿದ್ದ ತಪ್ಪು ಅಭ್ಯಾಸ ಬಿಡಿಸಲು ವರ್ಷ ಬೇಕಾಗುತ್ತದೆ.

ಬ್ಯಾಂಡ್ ನಿರ್ದೇಶಕರ ಕೆಲಸ ಹೊರಗಿನಿಂದ ಕಾಣುವುದಕ್ಕಿಂತ ಎಷ್ಟು ಕಷ್ಟದ್ದು ಎಂಬುದಕ್ಕೆ ಒಂದು ಉದಾಹರಣೆ ಕೊಡಲೇಬೇಕು. 'ಎಲ್ಲರೂ ಬಿ ಫ್ಲ್ಯಾಟ್ ನುಡಿಸಿ' ಎಂದು ಪಾಶ್ಚಾತ್ಯ ಸಂಗೀತದ ಒಂದು ಸ್ವರದ ಹೆಸರು ಅವರು ಹೇಳಿದರೆ, ಕೊಳಲಿನ ಮಗು ಬಿ ಫ್ಲ್ಯಾಟನ್ನೇ ನುಡಿಸುತ್ತದೆ. ಕ್ಲಾರಿನೆಟ್ ಮತ್ತು ಟ್ರಂಪೆಟ್‌ನ ಮಕ್ಕಳ ಹಾಳೆಯಲ್ಲಿ ಆ ಸ್ವರಕ್ಕೆ ಸಿ ಎಂದು ಹೆಸರು. ಆಲ್ಟೊ ಸ್ಯಾಕ್ಸೋಫೋನಿನವರಿಗೆ ಅದು ಜಿ. ಹಾರ್ನಿನವರಿಗೆ ಎಫ್. ಒಂದೇ ನಾದ, ನಾಲ್ಕು ಹೆಸರು, ಏಕೆಂದರೆ ಈ ವಾದ್ಯಗಳ ಆಧಾರ ಶ್ರುತಿಯೇ ಬೇರೆ ಬೇರೆ. ಮೂವತ್ತು ಮಕ್ಕಳ ಮುಂದೆ ನಿಂತು ಎಲ್ಲೋ ಒಂದು ಕಡೆ ಅಪಸ್ವರ ಕೇಳಿದಾಗ ಅದು ಯಾರದು, ಅವರ ಹಾಳೆಯಲ್ಲಿ ಆ ಸ್ವರದ ಹೆಸರೇನು, ಅವರ ಬೆರಳು ಎಲ್ಲಿರಬೇಕಿತ್ತು, ಈಗ ಎಲ್ಲಿದೆ, ಇಷ್ಟನ್ನೂ ಎರಡು ಸೆಕೆಂಡಿನಲ್ಲಿ ಲೆಕ್ಕ ಹಾಕಿ ಆ ಮಗುವಿಗೆ ಅದರದ್ದೇ ಭಾಷೆಯಲ್ಲಿ ಹೇಳಬೇಕು. ಕೋಲು ಆಡಿಸುವುದು ಈ ಕೆಲಸದ ಹಗುರ ಭಾಗ.

ಇದರ ಜೊತೆಗೆ ಸೆಕೆ. ಗಾಳಿ ಬಿಸಿಯಾದಷ್ಟೂ ಅದರಲ್ಲಿ ಶಬ್ದ ವೇಗವಾಗಿ ಸಾಗುತ್ತದೆ, ಹತ್ತು ಡಿಗ್ರಿ ಏರಿದರೆ ಸೆಕೆಂಡಿಗೆ ಸುಮಾರು 6 ಮೀಟರ್ ಹೆಚ್ಚು. ಹಾಗಾಗಿ ಊದುವ ವಾದ್ಯಗಳ ಶ್ರುತಿ ಮೇಲಕ್ಕೇರುತ್ತದೆ. ಅದೇ ಬಿಸಿಗೆ ಪಿಟೀಲಿನ ಲೋಹದ ತಂತಿ ಹಿಗ್ಗಿ ಸಡಿಲವಾಗಿ ಶ್ರುತಿ ಇಳಿಯುತ್ತದೆ. ತಂಪಾದ ಕೋಣೆಯಲ್ಲಿ ಚೊಕ್ಕವಾಗಿ ಸೇರಿದ್ದ ವಾದ್ಯವೃಂದ ವೇದಿಕೆಯ ದೀಪಗಳ ಕೆಳಗೆ ಹತ್ತು ನಿಮಿಷ ಕುಳಿತರೆ ಎರಡು ಪಂಗಡವಾಗಿ ಒಡೆಯುತ್ತದೆ. ಅನುಭವಿ ಬೋಧಕರು ಮಕ್ಕಳನ್ನು ವೇದಿಕೆಯ ಬೆಳಕಿನಲ್ಲೇ ಸ್ವಲ್ಪ ಹೊತ್ತು ನುಡಿಸಿ, ವಾದ್ಯ ಬೆಚ್ಚಗಾದ ಮೇಲೆ ಇನ್ನೊಮ್ಮೆ ಶ್ರುತಿ ಮಾಡಿಸುತ್ತಾರೆ. ಶ್ರುತಿ ತೋರಿಸುವ ಯಂತ್ರ ಹಿಡಿದು ಪ್ರತಿಯೊಬ್ಬರ ಮುಂದೆ ಹೋಗಿ ಹಸಿರು ದೀಪ ಬರಿಸುವವರೂ ಇದ್ದಾರೆ. ಆರಂಭಕ್ಕೆ ಅದು ಸರಿ. ಆದರೆ ವರ್ಷ ಕಳೆದರೂ ಮಕ್ಕಳು ಕಣ್ಣಿನಿಂದಲೇ ಶ್ರುತಿ ನೋಡುತ್ತಿದ್ದರೆ ಅವರಿಗೆ ಕಿವಿ ಕೊಟ್ಟಿಲ್ಲ ಎಂದಾಯಿತು. ಪಕ್ಕದವರ ಸ್ವರದ ಜೊತೆ ತನ್ನದು ಸೇರದಿದ್ದಾಗ ವೋಂ ವೋಂ ಎಂದು ನಾದ ಅಲೆಯಾಗಿ ಬಡಿಯುತ್ತದಲ್ಲ, ಆ ಅಲೆ ನಿಧಾನವಾಗುತ್ತ ಆಗುತ್ತ ನಿಂತಾಗ ಶ್ರುತಿ ಸೇರಿತು ಎಂದು ತಿಳಿಯುವುದನ್ನು ಹತ್ತು ವರ್ಷದ ಮಗುವಿಗೂ ಕಲಿಸಬಹುದು. ಒಮ್ಮೆ ಅದನ್ನು ಕೇಳಿಸಿಕೊಂಡ ಮಗುವಿನ ಮುಖ ನೋಡಬೇಕು.

ನೀವು ಪಾಠಕ್ಕೆ ಹೋದಾಗ ಇನ್ನೊಂದು ಗಮನಿಸಿ. ಮೇಷ್ಟ್ರು ಟ್ರಂಪೆಟ್‌ನವರನ್ನು ತಿದ್ದುತ್ತಿರುವಾಗ ಉಳಿದ ಇಪ್ಪತ್ತೈದು ಮಕ್ಕಳು ಏನು ಮಾಡುತ್ತಿರುತ್ತಾರೆ? ಸುಮ್ಮನೆ ಕೂತು ಬೇಸತ್ತಿದ್ದರೆ ಸಮಯ ಪೋಲು. ಬೆರಳಾಡಿಸುತ್ತ ಮನಸ್ಸಿನಲ್ಲೇ ಹಾಡಿಕೊಳ್ಳುತ್ತಿದ್ದರೆ, ಅಥವಾ 'ಇವರು ನುಡಿಸುವಾಗ ಯಾರು ಮೊದಲು ಓಡಿದರು, ಕೇಳಿ ಹೇಳಿ' ಎಂಬ ಕೆಲಸ ಅವರಿಗೂ ಸಿಕ್ಕಿದ್ದರೆ ಅದು ನಿಜವಾದ ತಾಲೀಮು. ಮತ್ತೆ, ಕಣ್ಣು ಹಿಂದಿನ ಸಾಲಿಗೆ ಹೋಗಲಿ. ಮುಂದಿನ ಸಾಲಿನ ಜಾಣ ಮಕ್ಕಳು ಎಲ್ಲ ಶಾಲೆಯಲ್ಲೂ ಚೆನ್ನಾಗಿಯೇ ನುಡಿಸುತ್ತಾರೆ, ಅವರಿಗೆ ಮನೆಯಲ್ಲೋ ಹೊರಗೋ ಬೇರೆ ಪಾಠ ಇರುವುದೂ ಉಂಟು. ಹಿಂದಿನ ಸಾಲಿನ ಕೊನೆಯ ಕುರ್ಚಿಯ ಮಗು ಊದುವ ಹಾಗೆ ನಟಿಸುತ್ತಿದೆಯೋ, ತನ್ನ ಮಟ್ಟಕ್ಕೆ ತಕ್ಕ ಭಾಗವನ್ನು ನಿಜಕ್ಕೂ ನುಡಿಸುತ್ತಿದೆಯೋ? ಆ ಕುರ್ಚಿಯೇ ಮೇಷ್ಟ್ರ ಅಳತೆಗೋಲು. ಕೆಲವರು ಹಿಂದುಳಿದ ಮಗುವಿಗೆಂದೇ ಅದೇ ಕೃತಿಯ ಸರಳ ಭಾಗವನ್ನು ಹಿಂದಿನ ರಾತ್ರಿ ಕೈಯಲ್ಲಿ ಬರೆದುಕೊಂಡು ಬರುತ್ತಾರೆ. ಯಾವ ಪಟ್ಟಿಯಲ್ಲೂ ಅದು ನಮೂದಾಗುವುದಿಲ್ಲ.

ಒಂದು ಕೆಟ್ಟ ಪದ್ಧತಿಯ ಬಗ್ಗೆ ಎಚ್ಚರಿಸಬೇಕು, ಏಕೆಂದರೆ ಅದು ಹೊರಗಿನಿಂದ ಯಶಸ್ಸಿನಂತೆಯೇ ಕಾಣುತ್ತದೆ. ಇಡೀ ವರ್ಷ ಎರಡೋ ಮೂರೋ ಕೃತಿಗಳನ್ನು ಹಿಡಿದು, ಮಕ್ಕಳ ಶಕ್ತಿಗೆ ಮೀರಿದವನ್ನು, ಒಂದೊಂದು ಬೆರಳನ್ನೂ ಕಂಠಪಾಠ ಮಾಡಿಸಿ ಉತ್ಸವದ ದಿನ ನುಡಿಸುವುದು. ಪೋಷಕರಿಗೆ ಖುಷಿ, ಆಡಳಿತದವರಿಗೂ ಖುಷಿ. ಮರುದಿನ ಅದೇ ಮಕ್ಕಳ ಮುಂದೆ ಹೊಸ ಹಾಳೆ ಇಟ್ಟರೆ ನಾಲ್ಕು ಸಾಲು ಓದಲಾರರು. ಬ್ಯಾಂಡ್ ಸಂಗೀತವನ್ನು ಪ್ರಕಾಶಕರು ಕಷ್ಟದ ಮೇಲೆ ಸಾಮಾನ್ಯವಾಗಿ 1ರಿಂದ 6ರವರೆಗೆ ದರ್ಜೆ ಮಾಡಿರುತ್ತಾರೆ. ಒಂದನೆಯ, ಎರಡನೆಯ ದರ್ಜೆಯ ಹತ್ತಿಪ್ಪತ್ತು ಕೃತಿಗಳನ್ನು ಓದಿ ನುಡಿಸಿ ಬಿಟ್ಟ ಮಗು, ನಾಲ್ಕನೆಯ ದರ್ಜೆಯ ಒಂದೇ ಕೃತಿಯನ್ನು ವರ್ಷವಿಡೀ ಉಜ್ಜಿದ ಮಗುವಿಗಿಂತ ಬಹಳ ಮುಂದಿರುತ್ತದೆ. ಹಾಗಾಗಿ ಬೋಧಕರನ್ನು ಕೇಳಿ: 'ಈ ಅವಧಿಯಲ್ಲಿ ಮಕ್ಕಳು ಎಷ್ಟು ಹೊಸ ಕೃತಿ ಓದಿದರು? ಪ್ರದರ್ಶನಕ್ಕಿಲ್ಲದೆ ಬರೀ ಓದಲೆಂದೇ ಏನಾದರೂ ಇಟ್ಟಿದ್ದೀರಾ?' ಈ ಪ್ರಶ್ನೆ ಕೇಳುವ ಪೋಷಕರು ಸಿಕ್ಕರೆ ಒಳ್ಳೆಯ ಬೋಧಕರಿಗೆ ಎಷ್ಟು ಸಂತೋಷವಾಗುತ್ತದೆ ಗೊತ್ತೇ!

ಪಟ್ಟಿಯಲ್ಲಿ ಬೋಧನಾ ಪದ್ಧತಿಗಳ ಹೆಸರುಗಳೂ ಇರಬಹುದು. ಹೆಸರು ಕೇಳಿ ಬೆರಗಾಗುವುದೂ ಬೇಡ, ತಳ್ಳಿಹಾಕುವುದೂ ಬೇಡ. ಸುಝುಕಿ ಪದ್ಧತಿ ಎಂದರೆ ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಝುಕಿ (1898–1998) ರೂಪಿಸಿದ್ದು. ಮಕ್ಕಳು ಮಾತೃಭಾಷೆ ಕಲಿಯುವ ಹಾಗೆ, ಮೊದಲು ಕೇಳಿ ಕೇಳಿ ನುಡಿಸುವುದು, ಓದುವುದು ಆಮೇಲೆ, ಪಾಠದಲ್ಲಿ ತಂದೆಯೋ ತಾಯಿಯೋ ಜೊತೆಗಿರುವುದು. ಶಾಲೆಯಲ್ಲಿ ಈ ಪದ್ಧತಿ ಎಂದಿದ್ದರೆ ಪೋಷಕರನ್ನು ಪಾಠಕ್ಕೆ ಕರೆಯುತ್ತಾರೆಯೇ ಕೇಳಿ. ಕರೆಯದಿದ್ದರೆ ಅದು ಆ ಪುಸ್ತಕಗಳನ್ನಷ್ಟೇ ಬಳಸುವ ಪಾಠ. ಹಂಗೇರಿಯ ಜೊಲ್ತಾನ್ ಕೊಡಾಯ್ (1882–1967) ಅವರ ದಾರಿಯಲ್ಲಿ ಹಾಡುವುದೇ ಮೊದಲು. ವಾದ್ಯ ಮುಟ್ಟುವ ಮುಂಚೆ ಸ್ವರವನ್ನು ಗಂಟಲಲ್ಲಿ, ಕೈಸನ್ನೆಯಲ್ಲಿ ಗಟ್ಟಿ ಮಾಡಿಸುತ್ತಾರೆ. ಜರ್ಮನಿಯ ಕಾರ್ಲ್ ಓರ್ಫ್ 1924ರಲ್ಲಿ ಮ್ಯೂನಿಕ್‌ನಲ್ಲಿ ಡೊರೊಥೆ ಗುಂಥರ್ ಜೊತೆ ಕಟ್ಟಿದ ಶಾಲೆಯಲ್ಲಿ ನೃತ್ಯ ಮತ್ತು ಸಂಗೀತ ಬೇರೆಬೇರೆ ಆಗಿರಲಿಲ್ಲ. ಅವರ ಪದ್ಧತಿಯ ಪುಟ್ಟ ಸೈಲೋಫೋನ್‌ಗಳಲ್ಲಿ ಬೇಡದ ಸ್ವರದ ಪಟ್ಟಿಗಳನ್ನು ತೆಗೆದಿಡಬಹುದು, ಆಗ ಮಗು ಎಲ್ಲಿ ಬಡಿದರೂ ಹೊಂದುವ ಸ್ವರವೇ ಬರುತ್ತದೆ. ನನಗೆ ಇವರೆಲ್ಲರಲ್ಲಿ ಹತ್ತಿರದವರು ಸ್ವಿಟ್ಜರ್ಲೆಂಡಿನ ಎಮಿಲ್ ಜಾಕ್-ಡಾಲ್‌ಕ್ರೋಝ್ (1865–1950). ಜಿನೀವಾದ ಸಂಗೀತ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಅವರು ಒಂದು ವಿಷಯ ಕಂಡರು: ವಿದ್ಯಾರ್ಥಿಗಳು ಕಾಗದದ ಮೇಲೆ ಸ್ವರಮೇಳಗಳನ್ನು ತಪ್ಪಿಲ್ಲದೆ ಬರೆಯುತ್ತಾರೆ, ಬರೆದದ್ದು ಅವರಿಗೇ ಒಳಗಿವಿಯಲ್ಲಿ ಕೇಳಿಸುತ್ತಿಲ್ಲ. ಅಲ್ಲಿಂದ ಅವರು ಲಯವನ್ನು ನಡಿಗೆಗೆ, ಮೈಗೆ ಇಳಿಸುವ ಪಾಠಗಳನ್ನು ಕಟ್ಟಿದರು. ನೂರು ವರ್ಷ ಕಳೆದರೂ ಆ ಕೊರತೆ ಹಾಗೆಯೇ ಇದೆ. ಬೆರಳು ಓಡುತ್ತದೆ, ಕಿವಿ ಹಿಂದೆ ಉಳಿಯುತ್ತದೆ. ನಿಮ್ಮ ಶಾಲೆಯ ಬೋಧಕರು ಮಕ್ಕಳ ಕೈಲಿ ನುಡಿಸುವ ಮೊದಲು ಹಾಡಿಸುತ್ತಾರೆಯೇ, ಹೆಜ್ಜೆ ಹಾಕಿಸುತ್ತಾರೆಯೇ ನೋಡಿ. ಪದ್ಧತಿಯ ಹೆಸರು ಯಾವುದಿದ್ದರೂ ಸರಿ.

ತಾಳವಾದ್ಯದ ಬೋಧಕರಿಗೆ ಶಾಲೆಗಳಲ್ಲಿ ಸಿಗಬೇಕಾದ ಗೌರವ ಸಿಗುವುದಿಲ್ಲ. 'ಯಾವ ವಾದ್ಯವೂ ಬಾರದವರನ್ನು ಡ್ರಮ್ಮಿಗೆ ಹಾಕಿ' ಎಂಬ ಮಾತು ನಾನೇ ಎಷ್ಟೋ ಸಲ ಕೇಳಿದ್ದೇನೆ. ಲಯ ಕೆಟ್ಟ ವಾದ್ಯವೃಂದವನ್ನು ಯಾವ ಶ್ರುತಿಯೂ ಕಾಪಾಡದು. ಅದಿರಲಿ, ಅವರನ್ನು ನೀವು ಕೇಳಲೇಬೇಕಾದ ಬೇರೊಂದು ವಿಷಯವಿದೆ: ಮಕ್ಕಳ ಕಿವಿಯ ರಕ್ಷಣೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಶ್, ದುಡಿಯುವ ವಯಸ್ಕರಿಗೆ ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಮಿತಿ ಎನ್ನುತ್ತದೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗಬೇಕು. ಅಂದರೆ 94ಕ್ಕೆ ಒಂದು ಗಂಟೆ, 100ಕ್ಕೆ ಕೇವಲ ಹದಿನೈದು ನಿಮಿಷ. ಸಣ್ಣ ಕೋಣೆಯಲ್ಲಿ ಡ್ರಮ್ ಮತ್ತು ಟ್ರಂಪೆಟ್ ಸೇರಿದರೆ 100 ಮುಟ್ಟುವುದು ಕಷ್ಟವೇನಲ್ಲ. ಮಕ್ಕಳ ಕಿವಿಗೆ ಇನ್ನೂ ಎಪ್ಪತ್ತು ವರ್ಷ ಕೆಲಸವಿದೆ. ಕಿವಿಯ ಪ್ಲಗ್ ಹಾಕಿಸುವ, ಟ್ರಂಪೆಟ್‌ಗಳು ಮುಂದಿನ ಮಗುವಿನ ತಲೆಗೇ ಗುರಿಯಾಗದಂತೆ ಹಿಂದಿನ ಸಾಲನ್ನು ಎತ್ತರಿಸುವ, ನಡುನಡುವೆ ಮೌನದ ಅವಧಿ ಇಡುವ ಬೋಧಕರು ಮಕ್ಕಳನ್ನು ನಿಜಕ್ಕೂ ಪ್ರೀತಿಸುವವರು.

ನಾಟಕ ಮತ್ತು ನೃತ್ಯದ ಬೋಧಕರ ಬಗ್ಗೆ ನನ್ನ ಅನುಭವ ಅಷ್ಟು ಆಳವಿಲ್ಲ, ಪಕ್ಕದ ಕೋಣೆಯಿಂದ ಕಂಡದ್ದನ್ನು ಹೇಳುತ್ತೇನೆ. ಶಾಲೆಯ ನಾಟಕದಲ್ಲಿ ಮುಖ್ಯ ಪಾತ್ರ ಮಾಡುವ ನಾಲ್ಕು ಮಕ್ಕಳನ್ನು ನೋಡಿ ಬೋಧಕರನ್ನು ಅಳೆಯಬೇಡಿ. ಬೆಳಕು, ಸದ್ದು, ಪರದೆ, ವೇಷಭೂಷಣ, ರಂಗದ ಹಿಂದೆ ಯಾರು ಯಾವಾಗ ಒಳಗೆ ಹೋಗಬೇಕೆಂದು ಸನ್ನೆ ಕೊಡುವ ಕೆಲಸ, ಇವೆಲ್ಲ ಮಕ್ಕಳ ಕೈಯಲ್ಲೇ ಇವೆಯೇ ನೋಡಿ. ದೊಡ್ಡವರೇ ಎಲ್ಲ ಮಾಡಿ ಮಕ್ಕಳಿಗೆ ಮಾತು ಮಾತ್ರ ಬಿಟ್ಟಿದ್ದರೆ ಅದು ದೊಡ್ಡವರ ನಾಟಕ. ಅಮೆರಿಕದ ವಯೋಲಾ ಸ್ಪೋಲಿನ್ (1906–1994) ಕಟ್ಟಿದ ರಂಗ ಆಟಗಳು ಇಂದು ಜಗತ್ತಿನ ಬಹುತೇಕ ಮಕ್ಕಳ ರಂಗತರಬೇತಿಯಲ್ಲಿ ಒಂದಲ್ಲ ಒಂದು ರೂಪದಲ್ಲಿವೆ. ಅವುಗಳ ಮೂಲ ಉಪಾಯವೆಂದರೆ ಮಗುವಿಗೆ 'ನಟಿಸು' ಎನ್ನದೆ, ಆಟದ ಒಳಗೆ ಬಿಡಿಸಬೇಕಾದ ಒಂದು ಸಮಸ್ಯೆ ಕೊಡುವುದು. ಇನ್ನು ದನಿ. ಹನ್ನೆರಡು ಹದಿನಾಲ್ಕರ ಆಸುಪಾಸಿನಲ್ಲಿ ಹುಡುಗರ ದನಿ ಒಡೆಯುತ್ತದೆ. ಆ ತಿಂಗಳುಗಳಲ್ಲಿ 'ಹಿಂದಿನವರಿಗೂ ಕೇಳಬೇಕು, ಜೋರಾಗಿ ಕೂಗು' ಎನ್ನುವ ಬೋಧಕರಿಂದ ಮಗುವನ್ನು ದೂರ ಇಡಿ. ನೃತ್ಯದ ಬೋಧಕರ ವಿಷಯದಲ್ಲಿ ನಾನು ಮೊದಲು ನೋಡುವುದು ನೆಲ. ಬರೀ ಕಾಂಕ್ರೀಟಿನ ಮೇಲೆ ಮಕ್ಕಳನ್ನು ಹಾರಿಸುತ್ತಾರೆಯೇ, ಅಥವಾ ಅಡಿಯಲ್ಲಿ ಸ್ವಲ್ಪ ಪುಟಿಯುವ ಮರದ ಹಾಸಿಗಾಗಿ ಶಾಲೆಯೊಡನೆ ಜಗಳವಾಡುತ್ತಾರೆಯೇ? ಜಗಳವಾಡುವವರು ಬೇಕು.

ಈ ಐವರೂ ಒಬ್ಬರೊಡನೊಬ್ಬರು ಮಾತಾಡುತ್ತಾರೆಯೇ ಎಂಬುದು ನನ್ನ ಪ್ರಕಾರ ಬಹಳ ದೊಡ್ಡ ಪ್ರಶ್ನೆ. ಸಂಗೀತ ನಾಟಕವೊಂದನ್ನು ಎತ್ತಿಕೊಂಡರೆ ನಾಟಕದವರಿಗೆ ಸಂಭಾಷಣೆ ಉದ್ದವಾಗಬೇಕು, ನೃತ್ಯದವರಿಗೆ ಲಯ ಚುರುಕಾಗಬೇಕು, ಆ ಚುರುಕಿನಲ್ಲಿ ಎರಡನೆಯ ವರ್ಷದ ಕ್ಲಾರಿನೆಟ್ ಮಗುವಿಗೆ ಬೆರಳು ಓಡುವುದಿಲ್ಲ. ಮೂವರೂ ಮೊದಲ ವಾರವೇ ಕೂತು ಒಂದು ವೇಗಕ್ಕೆ ಒಪ್ಪಿಕೊಂಡರೆ ಮಕ್ಕಳು ಬದುಕಿದರು. ಒಪ್ಪದಿದ್ದರೆ ಕೊನೆಯ ವಾರದಲ್ಲಿ ಮೂವರ ಒತ್ತಡವೂ ಮಕ್ಕಳ ಮೇಲೆ ಬೀಳುತ್ತದೆ, ಒಂದೇ ಮಗುವಿಗೆ ಒಂದೇ ಸಂಜೆ ಮೂರು ತಾಲೀಮು. ವಿಭಾಗದ ತಾಲೀಮಿನ ವೇಳಾಪಟ್ಟಿ ಒಂದೇ ಇದೆಯೋ, ಐದಿವೆಯೋ ಕೇಳಿದರೆ ನಿಮಗೆ ಉತ್ತರ ಸಿಗುತ್ತದೆ.

ಪಟ್ಟಿಯಲ್ಲಿ ಹೆಸರಿಲ್ಲದವರ ಬಗ್ಗೆಯೂ ವಿಚಾರಿಸಿ. ಪಾಠಕ್ಕೂ ಪರೀಕ್ಷೆಗೂ ಪಿಯಾನೊ ಪಕ್ಕವಾದ್ಯ ನುಡಿಸುವವರು ಯಾರು? ಅವರು ಮಗುವಿನ ಉಸಿರಿನ ಜೊತೆ ನಿಲ್ಲಬಲ್ಲರೇ, ಸಾಲು ತಪ್ಪಿದ ಮಗುವನ್ನು ಹಾರಿ ಹಿಡಿಯಬಲ್ಲರೇ? ವಾದ್ಯಗಳ ಕಪಾಟಿನ ಬೀಗ ಯಾರ ಬಳಿ ಇದೆ? ಸಾಧ್ಯವಾದರೆ ಆ ಕಪಾಟು ತೆರೆಸಿ ನೋಡಿ. ಕಮಾನುಗಳ ಕೂದಲು ಸಡಿಲಿಸಿ ಇಟ್ಟಿದ್ದಾರೆಯೇ, ಕ್ಲಾರಿನೆಟ್ಟಿನ ಒಳಗನ್ನು ಒರೆಸಿ ಇಟ್ಟಿದ್ದಾರೆಯೇ, ಟ್ರಂಪೆಟ್ಟಿನ ವಾಲ್ವ್ ಒತ್ತಿದರೆ ಸರಾಗವಾಗಿ ಮೇಲೆ ಬರುತ್ತದೆಯೇ, ಕೆಟ್ಟು ಕೂತಿರುವ ವಾದ್ಯಗಳಿಗೆ ದಿನಾಂಕ ಬರೆದ ಚೀಟಿ ಇದೆಯೇ? ನನ್ನ ಆ ಕ್ಲಾರಿನೆಟ್ ಹುಡುಗನ ಕಥೆ ನೆನಪಿಡಿ. ಕಪಾಟು ನೋಡಿಕೊಳ್ಳುವವರು ಸರಿಯಾಗಿದ್ದಿದ್ದರೆ ಅವನು ಇಂದಿಗೂ ನುಡಿಸುತ್ತಿರುತ್ತಿದ್ದನೇನೋ.

ಇನ್ನೊಂದು ವಿಷಯವನ್ನು ಸಂಕೋಚವಿಲ್ಲದೆ ಕೇಳಿ. ವಾದ್ಯದ ಪಾಠ ಅನೇಕ ಸಲ ಒಬ್ಬ ಮೇಷ್ಟ್ರು, ಒಂದು ಮಗು, ಒಂದು ಮುಚ್ಚಿದ ಕೋಣೆ. ಸದ್ದು ಹೊರಹೋಗಬಾರದೆಂದು ಬಾಗಿಲು ಹಾಕುತ್ತಾರೆ. ಆ ಬಾಗಿಲಲ್ಲಿ ಗಾಜಿನ ಕಿಂಡಿ ಇರಬೇಕು, ಅದಕ್ಕೆ ಕಾಗದ ಅಂಟಿಸಿರಬಾರದು. ಭುಜ, ಬೆನ್ನು, ಕೈ ತಿದ್ದಲು ಮುಟ್ಟಬೇಕಾದಾಗ ಮೊದಲು ಕೇಳಬೇಕು, ಮಗು ಬೇಡವೆಂದರೆ ತನ್ನ ಮೈಯಲ್ಲೇ ತೋರಿಸಬೇಕು. ನೇಮಕಕ್ಕೆ ಮುಂಚೆ ಹಿನ್ನೆಲೆ ವಿಚಾರಿಸಿದ್ದಾರೆಯೇ, ದೂರು ಬಂದರೆ ಯಾರ ಬಳಿ ಹೋಗಬೇಕು ಎಂಬುದು ಲಿಖಿತವಾಗಿ ಇರಬೇಕು. ಒಳ್ಳೆಯ ಬೋಧಕರು ಈ ಪ್ರಶ್ನೆಗೆ ಮುನಿಸಿಕೊಳ್ಳುವುದಿಲ್ಲ, ಅವರೇ ಮೊದಲು ಕಿಂಡಿ ಹಾಕಿಸಿಕೊಂಡಿರುತ್ತಾರೆ. ಹಾಗೆಯೇ, ನೋಯುತ್ತಿದೆ ಎಂದ ಮಗುವನ್ನು 'ಇನ್ನೊಂದು ಸಲ ಅಷ್ಟೇ' ಎಂದು ನುಡಿಸಬಾರದು. ತುಟಿಯದಾಗಲಿ ಮಣಿಕಟ್ಟಿನದಾಗಲಿ, ನೋವು ಬಂದರೆ ಅಂದಿನ ಪಾಠ ಅಲ್ಲಿಗೆ ನಿಲ್ಲಬೇಕು.

ಕೊನೆಯದಾಗಿ ಸ್ಯಾಕ್ಸೋಫೋನ್. ನಿಮ್ಮ ಮಗಳ ಆಸೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ತಾನೇ ಆರಿಸಿಕೊಂಡ ವಾದ್ಯದ ಮೇಲೆ ಮಗುವಿಗಿರುವ ಪ್ರೀತಿ ದೊಡ್ಡ ಬಂಡವಾಳ. ಆದರೆ ಬೋಧಕರ ಮಾತಿನಲ್ಲೂ ಹುರುಳಿದೆ. ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ ತಾನೇ ಕ್ಲಾರಿನೆಟ್ ನುಡಿಸುತ್ತಿದ್ದವನು, 1846ರಲ್ಲಿ ಅದಕ್ಕೆ ಹಕ್ಕುಪತ್ರ (ಪೇಟೆಂಟ್) ಪಡೆದ. ಹೊಸ ವಾದ್ಯ ಕಲಿಸಲು ಬೇರೆ ಯಾರಿದ್ದರು? 1857ರಲ್ಲಿ ಪ್ಯಾರಿಸ್ ಕನ್ಸರ್ವೆಟರಿ ಎಂಬ ಸಂಗೀತ ಶಾಲೆಯಲ್ಲಿ ಅವನೇ ಪಾಠಕ್ಕೆ ನಿಂತ, ಆ ತರಗತಿ 1870ರವರೆಗೆ ನಡೆಯಿತು. ಎರಡೂ ವಾದ್ಯಗಳಲ್ಲಿ ಒಂಟಿ ರೀಡ್ (ಊದಿದಾಗ ಕಂಪಿಸಿ ನಾದ ಹುಟ್ಟಿಸುವ ತೆಳು ಸೀಳು), ಬಾಯಿಯ ಹಿಡಿತ ಹತ್ತಿರದ್ದು. ಆದರೆ ಸ್ಯಾಕ್ಸೋಫೋನಿನಲ್ಲಿ ಒಂದು ಸ್ಥಾಯಿಯ ಬೆರಳುಗಳೇ ಮೇಲಿನ ಸ್ಥಾಯಿಯಲ್ಲೂ ಬಹುಮಟ್ಟಿಗೆ ಬರುತ್ತವೆ. ಕ್ಲಾರಿನೆಟ್ ಹಾಗಲ್ಲ. ಮೇಲಿನ ಕೀಲಿ ಒತ್ತಿದರೆ ಅದು ಎಂಟು ಸ್ವರ ಹಾರದೆ ಹನ್ನೆರಡು ಹಾರುತ್ತದೆ, ಬೆರಳುಗಳ ಲೆಕ್ಕವೇ ಬೇರೆ, ತೂತುಗಳನ್ನು ಬೆರಳಿನಿಂದಲೇ ಮುಚ್ಚಬೇಕು. ಹಾಗಾಗಿ ಕ್ಲಾರಿನೆಟ್ ಕಲಿತವರು ಸ್ಯಾಕ್ಸೋಫೋನಿಗೆ ಹೋಗುವುದು ಸುಲಭ, ಅಲ್ಲಿಂದ ಇಲ್ಲಿಗೆ ಬರುವುದು ಕಷ್ಟ. ಮತ್ತೆ, ಆಲ್ಟೊ ಸ್ಯಾಕ್ಸೋಫೋನ್ ಎರಡು ಕಿಲೋಗಿಂತ ಹೆಚ್ಚು ತೂಗುತ್ತದೆ, ಆ ಭಾರವೆಲ್ಲ ಕುತ್ತಿಗೆಗೆ ನೇತುಬೀಳುತ್ತದೆ.

ಆದರೂ ತೀರ್ಮಾನಿಸುವ ಮುಂಚೆ ಮಗಳಿಗೆ ಎರಡೂ ವಾದ್ಯಗಳನ್ನು ಒಂದೊಂದು ವಾರ ಹಿಡಿಯಲು ಕೊಡಿ ಎಂದು ಕೇಳಿ. ಕ್ಲಾರಿನೆಟ್ಟಿನ ತೂತುಗಳು ಅವಳ ಬೆರಳಿಗೆ ಮುಚ್ಚುತ್ತವೆಯೇ, ಆಲ್ಟೊ ಸ್ಯಾಕ್ಸೋಫೋನನ್ನು ಭುಜದ ಪಟ್ಟಿ ಹಾಕಿ ಕೂತು ನುಡಿಸಿದರೆ ಬೆನ್ನು ನೆಟ್ಟಗಿರುತ್ತದೆಯೇ ಎಂದು ಬೋಧಕರು ನೋಡಲಿ, ನೋಡಿ ಕಾರಣ ಹೇಳಲಿ. ಕಾರಣ ಅವಳ ಕೈ, ಬಾಯಿ, ಬೆನ್ನಿಗೆ ಸಂಬಂಧಿಸಿದ್ದಾದರೆ ಒಪ್ಪಿಕೊಳ್ಳಿ, ಜೊತೆಗೆ ಯಾವ ತಿಂಗಳಿಗೆ ಸ್ಯಾಕ್ಸೋಫೋನಿಗೆ ಬದಲಿಸುತ್ತೀರಿ ಎಂದು ದಿನಾಂಕ ಬರೆಸಿಕೊಳ್ಳಿ. 'ಬ್ಯಾಂಡಿನಲ್ಲಿ ಕ್ಲಾರಿನೆಟ್ ಕಡಿಮೆ ಇವೆ' ಎನ್ನುವುದೊಂದೇ ಕಾರಣವಾದರೆ, ಅದನ್ನು ಮಗಳಿಗೇ ನೇರವಾಗಿ ಹೇಳಲು ಅವರನ್ನು ಕೇಳಿಕೊಳ್ಳಿ, ಉತ್ತರ ಅವಳೇ ಕೊಡಲಿ.